ತೂಕ ಇಳಿಸುವ ಮಾತ್ರೆ: ಯಾವುದು ಕೆಲಸ ಮಾಡುತ್ತೆ, ಯಾವುದು ಕೈ ಕೊಡುತ್ತೆ?

ಸುಮ್ನೆ_ಕೇಳ್ದೆ
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ ಒಬ್ಬರು ಯಾವುದೋ ಕ್ಯಾಪ್ಸೂಲ್ ತೆಗೆದುಕೊಂಡು ಎದ್ದು ಕಾಣುವಷ್ಟು ತೆಳ್ಳಗಾಗಿದ್ದಾರೆ. "ಪೂರ್ತಿ ಗಿಡಮೂಲಿಕೆ, ಏನೂ ಆಗಲ್ಲ, ನೀನೂ ಶುರುಮಾಡು" ಅಂತ ನನ್ನ ಕೈಗೂ ಒಂದು ಡಬ್ಬಿ ಕೊಟ್ಟಿದ್ದಾರೆ. ಇನ್ನೂ ಮುಚ್ಚಳ ತೆಗೆದಿಲ್ಲ. ತೂಕ ಇಳಿಸಬೇಕಾಗಿರುವುದು ನಿಜ. ಮಂಡಿ ನೋವು ಶುರುವಾಗಿದೆ, ಬಿಪಿ ಮಾತ್ರೆ ನುಂಗುತ್ತಿದ್ದೇನೆ.

ನನ್ನ ಪ್ರಶ್ನೆ ಎರಡು. ಈ ಮಾತ್ರೆಗಳು ನಿಜವಾಗಲೂ ಕೆಲಸ ಮಾಡುತ್ತವಾ? ಮಾಡಿದರೂ ಜೀವಕ್ಕೆ ಅಪಾಯ ಇಲ್ಲವಾ? "ಊಟ ಕಡಿಮೆ ಮಾಡಿ, ನಡೀರಿ" ಅನ್ನುವ ಉತ್ತರ ದಯವಿಟ್ಟು ಬೇಡ. ಅದು ನನಗೆ ಬಾಯಿಪಾಠ ಆಗಿದೆ.

ತರ್ಲೆ_ತಮ್ಮ
ಊಟ ಕಡಿಮೆ ಮಾಡಿ, ನಡೀರಿ.

ಸುಮ್ನೆ_ಕೇಳ್ದೆ
ಯಾರಾದರೂ ಹೇಳೇ ಹೇಳುತ್ತಾರೆ ಅಂತ ಗೊತ್ತಿತ್ತು. ಆಯ್ತು, ಶಾಸ್ತ್ರ ಮುಗೀತು. ಮುಂದೆ?

ಮಾತ್ರೆ_ಎಣಿಸುವವ
ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೇ ತಲೆ ಬೆಳ್ಳಗಾದವನು ನಾನು. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಮಾನು ಮಾರಾಟವಾಗುತ್ತವೆ. ಒಂದು, ಸಾವಿರಾರು ಜನರ ಮೇಲೆ ಪರೀಕ್ಷೆ ನಡೆದು ಅನುಮತಿ ಸಿಕ್ಕಿರುವ ಔಷಧಿ. ಇನ್ನೊಂದು, ಆಹಾರ ಪೂರಕ ಅಂತ ಚೀಟಿ ಅಂಟಿಸಿಕೊಂಡು ಬರುವ ಸಪ್ಲಿಮೆಂಟ್. ಮೊದಲನೆಯದರ ಡಬ್ಬಿಯೊಳಗೆ ಅಡ್ಡಪರಿಣಾಮಗಳ ಮಾರುದ್ದದ ಪಟ್ಟಿ ಮಡಚಿ ಇಟ್ಟಿರುತ್ತಾರೆ. ಎರಡನೆಯದರಲ್ಲಿ ಪಟ್ಟಿಯೇ ಇರುವುದಿಲ್ಲ. ಜನ ಇದನ್ನು ನೋಡಿ "ಇದೇ ಒಳ್ಳೆಯದು" ಅಂತ ತೀರ್ಮಾನ ಮಾಡುತ್ತಾರೆ. ಪಟ್ಟಿ ಇಲ್ಲ ಅಂದರೆ ಯಾರೂ ಹುಡುಕಿಲ್ಲ ಅಂತ, ತೊಂದರೆ ಇಲ್ಲ ಅಂತಲ್ಲ.

ಬ್ರ್ಯಾಂಡ್ ಹೆಸರು ಬೇಡ. ನಿಮ್ಮ ಡಬ್ಬಿ ಮೇಲೆ ಏನೇನು, ಎಷ್ಟೆಷ್ಟು ಅಂತ ಬರೆದಿದೆಯಾ ನೋಡಿ ಹೇಳಿ.

ಸುಮ್ನೆ_ಕೇಳ್ದೆ
ಈಗ ನೋಡಿದೆ. ಮುಂದೆ ಹಸಿರು ಎಲೆ, ಸೊಂಟಕ್ಕೆ ಟೇಪು ಸುತ್ತಿದ ಚಿತ್ರ. ಹಿಂದೆ ಗಾರ್ಸೀನಿಯಾ, ಗ್ರೀನ್ ಟೀ ಸಾರ, ಇನ್ನೂ ಏಳೆಂಟು ಗಿಡಗಳ ಹೆಸರು. ಪ್ರತಿಯೊಂದೂ ಎಷ್ಟು ಅಂತ ಇಲ್ಲ, "ಪ್ರೊಪ್ರೈಟರಿ ಬ್ಲೆಂಡ್" ಅಂತ ಒಟ್ಟು ಮಿಲಿಗ್ರಾಂ ಮಾತ್ರ ಇದೆ. ತಯಾರಿಸಿದವರ ವಿಳಾಸ ಇರಬೇಕಾದ ಜಾಗದಲ್ಲಿ ಒಂದು ವೆಬ್‌ಸೈಟ್ ಹೆಸರು. ಬ್ಯಾಚ್ ನಂಬರ್ ಮೇಲೆ ಬೆರಳು ಆಡಿಸಿದೆ, ಮಸಿ ಕೈಗೇ ಬಂತು.

ಮಾತ್ರೆ_ಎಣಿಸುವವ
ಬ್ಯಾಚ್ ನಂಬರ್ ಬೆರಳಿಗೆ ಬಂದ ಮೇಲೆ ನಾನು ಹೇಳುವುದಕ್ಕೆ ಏನೂ ಉಳಿದಿಲ್ಲ. ಮುಚ್ಚಳ ತೆಗೆಯಬೇಡಿ.

ಹಸಿರೇ_ಉಸಿರು
ಒಂದು ಕೆಟ್ಟ ಡಬ್ಬಿ ನೋಡಿ ಎಲ್ಲ ಗಿಡಮೂಲಿಕೆಗೂ ಮಸಿ ಬಳಿಯಬೇಡಿ ಸ್ವಾಮಿ. ನಿಮ್ಮ ಪರೀಕ್ಷೆ ಮಾಡಿದ ಔಷಧಿಗಳೇನು ಸಾಚಾನಾ? ಎಷ್ಟು ತೂಕದ ಮಾತ್ರೆಗಳನ್ನು ಮಾರಿ, ದುಡ್ಡು ಮಾಡಿಕೊಂಡು, ಜನ ಸತ್ತ ಮೇಲೆ ವಾಪಸ್ ತಗೊಂಡಿಲ್ಲ? ಅದರ ಬಗ್ಗೆ ಯಾರೂ ಮಾತಾಡಲ್ಲ.

ಹಳೇ_ಕಡತ
ನಾನು ಮಾತಾಡ್ತೀನಿ. ಪುರುಸೊತ್ತು ಇರುವವರು ಓದಿ, ಇಲ್ಲದವರು ಕೆಳಗೆ ಸರಿಸಿ.

ತೂಕ ಇಳಿಸುವ ಔಷಧಿಗಳ ಕಥೆಯಲ್ಲಿ ಅರ್ಧಕ್ಕರ್ಧ ವಾಪಸ್ ಪಡೆದ ಔಷಧಿಗಳದ್ದೇ. ಡಿಎನ್‌ಪಿ ಅನ್ನುವ ರಾಸಾಯನಿಕದಿಂದ ಶುರುಮಾಡೋಣ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಇದನ್ನು ಸ್ಫೋಟಕಕ್ಕೆ ಬಳಸುತ್ತಿದ್ದರು. ಅಲ್ಲಿನ ಕೆಲಸಗಾರರು ಬೆವರಿ ಬೆವರಿ ಸೊರಗಿದರು, ಕೆಲವರು ಸತ್ತೂ ಹೋದರು. 1933ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಅದನ್ನೇ ದಪ್ಪಗಿರುವವರಿಗೆ ಕೊಟ್ಟು ನೋಡಿದರು. ತೂಕ ಇಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಜೀವಕೋಶದಲ್ಲಿ ತಯಾರಾಗಬೇಕಾದ ಶಕ್ತಿ ಯಾವ ಕೆಲಸಕ್ಕೂ ಸಿಗದೆ ಬರೀ ಶಾಖವಾಗಿ ಹೋಗುತ್ತೆ, ನಿಂತ ಗಾಡಿಯಲ್ಲಿ ಇಂಜಿನ್ ರೇಸ್ ಮಾಡಿದ ಹಾಗೆ. ಡೋಸ್ ಸ್ವಲ್ಪ ಹೆಚ್ಚಾದರೂ ಮೈ ಒಳಗಿಂದಲೇ ಕಾಯುತ್ತೆ. ಜ್ವರದ ಮಾತ್ರೆಗೆ ಅದು ಬಗ್ಗಲ್ಲ. ಪ್ರತಿಮದ್ದೂ ಇಲ್ಲ. ಬದುಕಿದವರಲ್ಲಿ ಕೆಲವರಿಗೆ ಕಣ್ಣಿನ ಪೊರೆ ಬಂತು. 1938ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟ ನಿಂತಿತು. ಆದರೆ "ಕೊಬ್ಬು ಕರಗಿಸುವ ಪುಡಿ" ಅಂತ ಇಂಟರ್ನೆಟ್ಟಿನಲ್ಲಿ ಕದ್ದು ಮಾರುವವರು ಇವತ್ತಿಗೂ ಇದ್ದಾರೆ, ಸಾಯುವವರೂ ಇದ್ದಾರೆ.

1960ರ ದಶಕದ್ದು ಬಣ್ಣಬಣ್ಣದ ಮಾತ್ರೆಗಳ ಕಾಲ. ಆಂಫೆಟಮಿನ್, ಥೈರಾಯ್ಡ್ ಹಾರ್ಮೋನ್, ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯಕ್ಕೆ ಕೊಡುವ ಡಿಜಿಟಾಲಿಸ್, ಎಲ್ಲಾ ಒಂದೇ ಪೊಟ್ಟಣದಲ್ಲಿ. ಅದೂ ಸಾವುಗಳಲ್ಲೇ ಮುಗಿಯಿತು.

ಆಮೇಲೆ 1990ರ ದಶಕದ ಫೆನ್-ಫೆನ್. ಫೆನ್‌ಫ್ಲೂರಮಿನ್ ಮತ್ತು ಫೆಂಟರ್ಮಿನ್ ಎರಡಕ್ಕೂ ಪ್ರತ್ಯೇಕವಾಗಿ ಅನುಮತಿ ಇತ್ತು, ಜೊತೆಯಾಗಿ ಕೊಡುವುದಕ್ಕೆ ಇರಲಿಲ್ಲ. ಆದರೂ ಬರೆದುಕೊಟ್ಟರು, ಲಕ್ಷಾಂತರ ಜನ ನುಂಗಿದರು. 1997ರಲ್ಲಿ ಮೇಯೋ ಕ್ಲಿನಿಕ್‌ನವರು 24 ಮಹಿಳೆಯರಲ್ಲಿ ಹೃದಯದ ಕವಾಟ ಕೆಟ್ಟಿರುವುದನ್ನು ವರದಿ ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಫೆನ್‌ಫ್ಲೂರಮಿನ್ ಮಾರುಕಟ್ಟೆಯಿಂದ ಹೊರಬಿತ್ತು.

ರಿಮೊನಬಾಂಟ್ ಯುರೋಪಿಗೆ 2006ರಲ್ಲಿ ಬಂತು. ಖಿನ್ನತೆ, ಆತ್ಮಹತ್ಯೆಯ ಯೋಚನೆ ಹೆಚ್ಚಾಗುತ್ತಿದೆ ಅಂತ 2008ರಲ್ಲಿ ನಿಲ್ಲಿಸಿದರು. ಸಿಬ್ಯುಟ್ರಮಿನ್ 1997ರಲ್ಲಿ ಬಂದು 2010ರಲ್ಲಿ ಹೋಯಿತು, ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾದವು ಅಂತ. ಲಾರ್ಕಸೆರಿನ್ 2012ರಲ್ಲಿ ಬಂದು 2020ರಲ್ಲಿ ಹೋಯಿತು, ಕ್ಯಾನ್ಸರ್ ಲೆಕ್ಕ ಸ್ವಲ್ಪ ಮೇಲೆ ಕಂಡಿದ್ದಕ್ಕೆ.

ಪಕ್ಕದ ಮಾತು: ಅದೇ ಫೆನ್‌ಫ್ಲೂರಮಿನ್ 2020ರಲ್ಲಿ ಮತ್ತೆ ಬಂದಿದೆ. ಮಕ್ಕಳಲ್ಲಿ ಬರುವ ಒಂದು ಅಪರೂಪದ, ಹಠಮಾರಿ ಮೂರ್ಛೆರೋಗಕ್ಕೆ. ಡೋಸ್ ಕಡಿಮೆ, ಹೃದಯದ ಸ್ಕ್ಯಾನ್ ಕಡ್ಡಾಯ.

ಹಸಿರೇ_ಉಸಿರು
ನೋಡಿದ್ರಾ? ನಾನು ಹೇಳಿದ್ದೇ ಸರಿ ಆಯ್ತು.

ಲೆಕ್ಕದ_ಮೇಷ್ಟ್ರು
ಅರ್ಧ ಸರಿ. ಲಾರ್ಕಸೆರಿನ್ ಉದಾಹರಣೆಯನ್ನೇ ತಗೊಳ್ಳಿ. ಸುಮಾರು 12,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಔಷಧಿ ತಗೊಂಡವರಲ್ಲಿ ನೂರಕ್ಕೆ 7.7 ಮಂದಿಗೆ ಕ್ಯಾನ್ಸರ್, ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ 7.1. ಇಷ್ಟು ಸಣ್ಣ ವ್ಯತ್ಯಾಸ ಕಾಣಬೇಕಾದರೆ ಯಾರೋ ಕೂತು ಎಣಿಸುತ್ತಿರಬೇಕು. ಎಣಿಸಿದ್ದರಿಂದಲೇ ಸಿಕ್ಕಿಬಿತ್ತು. ಈ ಎಲೆ ಚಿತ್ರದ ಡಬ್ಬಿಯನ್ನು ಯಾರು ಎಣಿಸುತ್ತಿದ್ದಾರೆ?

ಗಾರ್ಸೀನಿಯಾವನ್ನು ಎಣಿಸಿದ್ದಾರೆ, ಅದನ್ನೂ ಹೇಳಿಬಿಡ್ತೀನಿ. 1998ರಲ್ಲಿ 135 ಜನರ ಮೇಲೆ 12 ವಾರದ ಪರೀಕ್ಷೆ ನಡೆಯಿತು. ಗಾರ್ಸೀನಿಯಾ ತಗೊಂಡವರು ಸರಾಸರಿ 3.2 ಕೆಜಿ ಇಳಿದರು. ಖಾಲಿ ಮಾತ್ರೆಯವರು 4.1 ಕೆಜಿ. ಎರಡೂ ಗುಂಪಿಗೆ ಪಥ್ಯ ಒಂದೇ.

ತರ್ಲೆ_ತಮ್ಮ
ಹಾಗಾದರೆ ಖಾಲಿ ಮಾತ್ರೆ ಎಲ್ಲಿ ಸಿಗುತ್ತೆ?

ಲೆಕ್ಕದ_ಮೇಷ್ಟ್ರು
ನಗುವ ಮಾತಲ್ಲ ತಮ್ಮಾ. ಹೆಚ್ಚಿನ ಪರೀಕ್ಷೆಗಳಲ್ಲಿ ಖಾಲಿ ಮಾತ್ರೆಯವರೂ ಸ್ವಲ್ಪ ಇಳಿಯುತ್ತಾರೆ. ಯಾರೋ ತೂಕ ನೋಡುತ್ತಿದ್ದಾರೆ ಅಂದರೆ ಬಾಯಿ ತಾನಾಗಿ ಹಿಡಿತಕ್ಕೆ ಬರುತ್ತೆ. "ನಾನು ತಗೊಂಡೆ, ಇಳಿದೆ" ಅನ್ನುವ ಸಾಕ್ಷಿ ಒಂದನ್ನೇ ನಂಬಬಾರದು ಅನ್ನುವುದು ಇದಕ್ಕೇ.

ಬೆಳಗಿನ_ಕಾಫಿ
ಆದರೆ ಆಫೀಸಿನವರು ನಿಜವಾಗಲೂ ಇಳಿದಿದ್ದಾರೆ ಅಂತಾರಲ್ಲ? ಗಾರ್ಸೀನಿಯಾ ಕೆಲಸ ಮಾಡದಿದ್ದರೆ ಮತ್ತೆ ಇಳಿದದ್ದು ಹೇಗೆ?

ಮಾತ್ರೆ_ಎಣಿಸುವವ
ಒಳ್ಳೆ ಪ್ರಶ್ನೆ. ನನಗೂ ಅದೇ ಹೆದರಿಕೆ. @ಸುಮ್ನೆ_ಕೇಳ್ದೆ, ಅವರಿಗೆ ನಿದ್ದೆ ಸರಿಯಾಗಿ ಬರುತ್ತಾ? ಬಾಯಿ ಒಣಗುತ್ತಾ? ಎದೆ ಡವಡವ ಅನ್ನುತ್ತಾ? ಹಸಿವೇ ಆಗಲ್ಲ ಅಂತಾರಾ?

ಸುಮ್ನೆ_ಕೇಳ್ದೆ
ನೀರಿನ ಬಾಟಲಿ ಕೈ ಬಿಡಲ್ಲ, ಅದು ನೋಡಿದ್ದೇನೆ. ರಾತ್ರಿ ನಿದ್ದೆ ಇಲ್ಲ ಅಂತ ಅವರೇ ಹೇಳ್ತಿದ್ರು, ಆಫೀಸಿನ ಟೆನ್ಶನ್ ಅಂದುಕೊಂಡಿದ್ದರು. ಮಧ್ಯಾಹ್ನದ ಊಟದ ಡಬ್ಬಿ ಅರ್ಧ ವಾಪಸ್ ಹೋಗುತ್ತೆ. ಯಾಕೆ ಕೇಳಿದಿರಿ?

ಮಾತ್ರೆ_ಎಣಿಸುವವ
ಯಾಕೆಂದರೆ ಅದು ಸಿಬ್ಯುಟ್ರಮಿನ್ ತಗೊಂಡವರು ಹೇಳುವ ದೂರುಗಳ ಪಟ್ಟಿ. 2010ರಲ್ಲಿ ಹೋಯಿತು ಅಂತ ಮೇಲೆ ಬರೆದಿದ್ದಾರಲ್ಲ, ಅದು ಪೂರ್ತಿ ಹೋಗಲಿಲ್ಲ. ಪುಡಿ ಅಗ್ಗವಾಗಿ ಸಿಗುತ್ತೆ, "ಗಿಡಮೂಲಿಕೆ" ಕ್ಯಾಪ್ಸೂಲಿನೊಳಗೆ ಸೇರುತ್ತೆ, ಚೀಟಿ ಮೇಲೆ ಹೆಸರಿರುವುದಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ತೂಕ ಇಳಿಸುವ ಸಪ್ಲಿಮೆಂಟುಗಳಲ್ಲಿ ಕದ್ದು ಬೆರೆಸಿದ್ದನ್ನು ಹಿಡಿದು ಎಚ್ಚರಿಕೆ ಹೊರಡಿಸುತ್ತಲೇ ಇದೆ. ಪದೇ ಪದೇ ಸಿಗುವ ಹೆಸರು ಇದೇ. ಕೆಲವದರಲ್ಲಿ ಫೀನಾಲ್ಫ್‌ಥಲೀನ್ ಕೂಡ, ಹಿಂದೆ ಮಲಬದ್ಧತೆಗೆ ಕೊಡುತ್ತಿದ್ದದ್ದು, ಕ್ಯಾನ್ಸರ್ ಅನುಮಾನದಿಂದ ಬಿಟ್ಟದ್ದು.

ಸಿಬ್ಯುಟ್ರಮಿನ್ ಬಿಪಿ ಏರಿಸುತ್ತೆ, ನಾಡಿ ಓಡಿಸುತ್ತೆ. ನಿಮಗೆ ಮೊದಲೇ ಬಿಪಿ ಇದೆ. ಇನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಸ್ನೇಹಿತರ ಡಬ್ಬಿಯಲ್ಲಿ ಅದೇ ಇದೆ ಅಂತ ಇಲ್ಲಿ ಕೂತು ನಾನು ಹೇಳಲಾರೆ, ಲ್ಯಾಬಿನಲ್ಲಿ ಮಾತ್ರ ಗೊತ್ತಾಗುವುದು. ಆದರೆ ಅವರು ನಿಲ್ಲಿಸಿ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ ಬಿಪಿ ನೋಡಿಸಿಕೊಳ್ಳಲಿ. ಎದೆ ನೋವು, ಉಸಿರುಗಟ್ಟುವುದು ಏನಾದರೂ ಇದ್ದರೆ ಆಸ್ಪತ್ರೆಗೆ ಆಗಲೇ ಹೋಗಬೇಕು. ಡಬ್ಬಿ ಎಸೆಯಬಾರದು.

ಹಸಿರೇ_ಉಸಿರು
ಕಲಬೆರಕೆ ಮಾಡಿದವನ ತಪ್ಪು, ಗಿಡದ ತಪ್ಪಲ್ಲ. ಒಪ್ಪಿಕೊಳ್ಳಿ. ಗ್ರೀನ್ ಟೀಯಲ್ಲಿ ಏನು ವಿಷ ಇದೆ ಹೇಳಿ ನೋಡೋಣ?

ಪಿತ್ತಜನಕಾಂಗ_ಪ್ರೇಮಿ
ಕುಡಿಯುವ ಗ್ರೀನ್ ಟೀಯಲ್ಲಿ ಏನೂ ಇಲ್ಲ. ಅದರ ಸಾರವನ್ನು ಗಟ್ಟಿ ಮಾಡಿ ಕ್ಯಾಪ್ಸೂಲಿಗೆ ತುಂಬಿದಾಗ ಬೇರೆ ಕಥೆ. ಅದರಲ್ಲಿನ ಇಜಿಸಿಜಿ ಅನ್ನುವ ಅಂಶ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಹೋದರೆ ಲಿವರ್ ಕಿಣ್ವಗಳು ಏರುತ್ತವೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಗಾರ್ಸೀನಿಯಾದಿಂದಲೂ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ, ಕೆಲವರಿಗೆ ಲಿವರ್ ಕಸಿಯವರೆಗೂ ಹೋಗಿದೆ. ಎಲ್ಲರಿಗೂ ಆಗಲ್ಲ. ಯಾರಿಗೆ ಆಗುತ್ತೆ ಅಂತ ಮೊದಲೇ ತಿಳಿಯುವುದೂ ಇಲ್ಲ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ ಕಂಡರೆ ಆ ಕ್ಷಣ ನಿಲ್ಲಿಸಿ.

ಎಫೆಡ್ರಾ ಕೂಡ ಗಿಡವೇ. ಹೃದಯ, ಮೆದುಳಿಗೆ ಪೆಟ್ಟು ಕೊಟ್ಟಿತು ಅಂತ 2004ರಲ್ಲಿ ಅಮೆರಿಕದಲ್ಲಿ ಸಪ್ಲಿಮೆಂಟುಗಳಿಂದ ತೆಗೆಸಿದರು.

ಹಸಿರೇ_ಉಸಿರು
ಇಷ್ಟು ಹೆದರಿಸಿದರೆ ಯಾರೂ ಏನೂ ನುಂಗಲ್ಲ ಬಿಡಿ.

ಮಾತ್ರೆ_ಎಣಿಸುವವ
ನುಂಗದಿದ್ದರೆ ಒಳ್ಳೆಯದೇ ಅಲ್ವಾ.

ಬಿಳಿ_ಪ್ಯಾಂಟು
ಆರ್ಲಿಸ್ಟಾಟ್ ಬಗ್ಗೆ ಯಾರೂ ಹೇಳಲಿಲ್ಲ. ಅನುಭವಸ್ಥ ಬಂದಿದ್ದೇನೆ, ಕೇಳಿ.

ಇದು ಮೆದುಳಿಗೆ ಹೋಗಲ್ಲ, ಹಸಿವೆ ಕಡಿಮೆ ಮಾಡಲ್ಲ. ಕರುಳಿನಲ್ಲಿ ಕೊಬ್ಬು ಅರಗಿಸುವ ಲೈಪೇಸ್ ಅನ್ನುವ ಕಿಣ್ವವನ್ನು ತಡೆಯುತ್ತೆ. ಪೂರ್ಣ ಡೋಸಿನಲ್ಲಿ ತಿಂದ ಕೊಬ್ಬಿನ ಮೂರನೇ ಒಂದು ಭಾಗದಷ್ಟು ಅರಗದೆ ಹಾಗೇ ಕೆಳಗೆ ಹೋಗುತ್ತೆ. "ಕೆಳಗೆ ಹೋಗುತ್ತೆ" ಅನ್ನುವುದನ್ನು ನಾನು ಶುರುವಿನಲ್ಲಿ ಅಷ್ಟಾಗಿ ತಲೆಗೆ ಹಾಕಿಕೊಂಡಿರಲಿಲ್ಲ. ಎಣ್ಣೆ ತಿಂಡಿ ತಿಂದ ದಿನ ಮೀಟಿಂಗಿನಲ್ಲಿ ಕೂತಿದ್ದೆ. ಗಾಳಿ ಹೋದೀತು ಅಂತ ಅಂದುಕೊಂಡೆ. ಗಾಳಿ ಒಂದೇ ಹೋಗಲಿಲ್ಲ. ಕಿತ್ತಳೆ ಬಣ್ಣದ ಎಣ್ಣೆ. ನನ್ನ ಹೆಸರು ನೋಡಿ, ಉಳಿದದ್ದು ಊಹಿಸಿಕೊಳ್ಳಿ. ಎಲ್ಲರೂ ಎದ್ದು ಹೋಗುವವರೆಗೆ ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡುವ ನಾಟಕ ಆಡಿದೆ.

ಆಮೇಲೆ ಕೊಬ್ಬು ತಿನ್ನುವುದು ತಾನಾಗಿ ಕಡಿಮೆ ಆಯಿತು. ಮಾತ್ರೆಗಿಂತ ಮಾತ್ರೆಯ ಭಯವೇ ತೂಕ ಇಳಿಸಿತು ಅಂತ ನನ್ನ ಗುಮಾನಿ.

ತರ್ಲೆ_ತಮ್ಮ
ಈ ಎಳೆಯ ಅತ್ಯುತ್ತಮ ಪ್ರತಿಕ್ರಿಯೆ. ಉಳಿದವರೆಲ್ಲ ಮನೆಗೆ ಹೋಗಬಹುದು.

ಬೆಳಗಿನ_ಕಾಫಿ
ನಗು ತಡೆಯಲಾಗದೆ ಪಕ್ಕದವರು ಏನಾಯಿತು ಅಂತ ಕೇಳಿದರು. ಏನು ಹೇಳಲಿ?

ಲೆಕ್ಕದ_ಮೇಷ್ಟ್ರು
ಆರ್ಲಿಸ್ಟಾಟ್ ಲೆಕ್ಕ: ಒಂದು ವರ್ಷಕ್ಕೆ ಖಾಲಿ ಮಾತ್ರೆಗಿಂತ ಸುಮಾರು 3 ಕೆಜಿ ಹೆಚ್ಚು ಇಳಿಯುತ್ತೆ. ಜಾಹೀರಾತಿನ ಮುಂದೆ ಇದು ಏನೂ ಅಲ್ಲ. ಆದರೆ 2004ರಲ್ಲಿ ಪ್ರಕಟವಾದ ನಾಲ್ಕು ವರ್ಷದ ಸ್ವೀಡನ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 37ರಷ್ಟು ತಗ್ಗಿತ್ತು. ಮೂರು ಕೆಜಿ ಕನ್ನಡಿಯಲ್ಲಿ ಕಾಣಲ್ಲ, ರಕ್ತ ಪರೀಕ್ಷೆಯಲ್ಲಿ ಕಾಣುತ್ತೆ.

ಮಾತ್ರೆ_ಎಣಿಸುವವ
ಅದರ ಜೊತೆಗೆ ಎರಡು ಮಾತು. ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಗೆ ಹೋಗುತ್ತವೆ, ಹಾಗಾಗಿ ವಿಟಮಿನ್ ಮಾತ್ರೆಯನ್ನು ಮಲಗುವಾಗ ಬೇರೆಯಾಗಿ ತಗೊಳ್ಳಬೇಕು. ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಕಸಿ ಆದವರ ಸೈಕ್ಲೋಸ್ಪೊರಿನ್ ತಗೊಳ್ಳುವವರು ಕೇಳದೆ ಮುಟ್ಟಬೇಡಿ. ಭೇದಿ ಜೋರಾದರೆ ಗರ್ಭನಿರೋಧಕ ಮಾತ್ರೆಯೂ ಕೈಕೊಡಬಹುದು. 60 ಮಿಲಿಗ್ರಾಂನದು ಕೆಲವು ದೇಶಗಳಲ್ಲಿ ಚೀಟಿ ಇಲ್ಲದೆ ಸಿಗುತ್ತೆ ಅನ್ನುವ ಕಾರಣಕ್ಕೆ ಜನ ಇದನ್ನು ಚಾಕಲೇಟ್ ಅಂದುಕೊಂಡಿದ್ದಾರೆ.

ಇಳಿಮುಖ
ಈ ಕಾಲದಲ್ಲಿ ಇನ್ನೂ ಆರ್ಲಿಸ್ಟಾಟ್ ಚರ್ಚೆ ಮಾಡ್ತಿದ್ದೀರಾ? ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಂದ ಮೇಲೆ ಆಟವೇ ಬದಲಾಗಿದೆ. ಸೆಮಾಗ್ಲುಟೈಡ್ ವಾರಕ್ಕೊಂದು ಇಂಜೆಕ್ಷನ್, 68 ವಾರದಲ್ಲಿ ಸರಾಸರಿ ನೂರಕ್ಕೆ 14.9ರಷ್ಟು ತೂಕ ಇಳಿಯಿತು, ಖಾಲಿ ಇಂಜೆಕ್ಷನ್‌ನವರದ್ದು 2.4. ಟಿರ್ಜೆಪಟೈಡ್ ದೊಡ್ಡ ಡೋಸಿನಲ್ಲಿ 72 ವಾರಕ್ಕೆ 20.9. ನಾನು ಸ್ವತಃ ತಗೊಳ್ತಿದ್ದೇನೆ. ತಲೆಯೊಳಗೆ ಸದಾ ಊಟದ್ದೇ ಯೋಚನೆ ಗುಂಯ್‌ಗುಡುತ್ತಿತ್ತು, ಈಗ ಅದು ಇಲ್ಲ. ತಟ್ಟೆಯಲ್ಲಿ ಅರ್ಧ ಉಳಿದಾಗ "ಸಾಕು" ಅನ್ನಿಸುತ್ತೆ. ಈ "ಸಾಕು" ಉಳಿದವರಿಗೆಲ್ಲ ಹುಟ್ಟಿನಿಂದಲೇ ಬರುತ್ತಿತ್ತು ಅಂತ ಗೊತ್ತಾದಾಗ ಸಿಟ್ಟೇ ಬಂತು.

ಕಸರತ್ತು_ಕಾಕಾ
ಇಂಜೆಕ್ಷನ್ ಚುಚ್ಚಿಕೊಂಡು ಇಳಿಸುವುದೂ ಒಂದು ಇಳಿಸುವುದಾ? ಮನಸ್ಸು ಗಟ್ಟಿ ಇದ್ದರೆ ಯಾವ ಮಾತ್ರೆಯೂ ಬೇಡ. ಎಲ್ಲಾ ಸೋಮಾರಿತನ.

ಇಳಿಮುಖ
ಬಂದರು ನೋಡಿ. ಕಾಕಾ, ನಿಮ್ಮ ಕನ್ನಡಕ ತೆಗೆದು ಮನಸ್ಸು ಗಟ್ಟಿ ಮಾಡಿ ಓದಿ ತೋರಿಸಿ.

ನಿದ್ದೆಗೇಡಿ
ಕಾಕಾ ಮಾತಿಗೆ ನಾನು ಉತ್ತರ ಕೊಡಲೇಬೇಕು. ಮಾನಸಿಕ ಕಾಯಿಲೆಗೆ ಓಲಾಂಜಪಿನ್ ಶುರುಮಾಡಿದ ಮೇಲೆ ನನ್ನ ತೂಕ ಏರಿದ್ದು. ಊಟ ಮುಗಿಸಿ ಕೈ ತೊಳೆಯುವಾಗಲೇ ಮತ್ತೆ ಹಸಿವು. ಅದೇ ನಾನು, ಅದೇ ಮನಸ್ಸು, ಮಾತ್ರೆ ಒಂದು ಹೊಸದು. ಸ್ಟೀರಾಯ್ಡ್, ಇನ್ಸುಲಿನ್, ಮೂರ್ಛೆಗೆ ಕೊಡುವ ವಾಲ್‌ಪ್ರೋಯೇಟ್ ತಗೊಳ್ಳುವವರನ್ನು ಕೇಳಿ ನೋಡಿ. ನಾನು ತೋರಿಸಿಕೊಳ್ಳುತ್ತಿದ್ದ ಒಂದು ಕ್ಲಿನಿಕ್ಕಿನಲ್ಲಿ ತೂಕದ ವಿಷಯ ಎತ್ತಿದರೆ ಮುಖ ಕೂಡ ನೋಡದೆ "ಬಾಯಿ ಕಟ್ಟಿ" ಅಂದರು. ಬೇರೆ ಡಾಕ್ಟರು ಮಾತ್ರೆ ಬದಲಾಯಿಸಿಕೊಟ್ಟರು, ನಿಧಾನಕ್ಕೆ ಇಳಿಯಿತು. ಯಾರೂ ಸ್ವಂತವಾಗಿ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ದೊಡ್ಡ ಅಪಾಯ. ಆದರೆ "ಈ ಮಾತ್ರೆಯಿಂದ ತೂಕ ಬರ್ತಿದೆಯಾ" ಅಂತ ಕೇಳುವುದಕ್ಕೆ ನಾಚಿಕೆ ಬೇಡ.

ಕಸರತ್ತು_ಕಾಕಾ
ನಾನು ಕಾಯಿಲೆಯವರ ಬಗ್ಗೆ ಹೇಳಲಿಲ್ಲ.

ಹಳೇ_ಕಡತ
ಯಾರ ಬಗ್ಗೆ ಹೇಳಿದ್ದು ಮತ್ತೆ? ಕೊಬ್ಬಿನ ಕೋಶಗಳೇ ಲೆಪ್ಟಿನ್ ಅನ್ನುವ ಹಾರ್ಮೋನ್ ಬಿಟ್ಟು ಮೆದುಳಿಗೆ ಸುದ್ದಿ ಕಳಿಸುತ್ತವೆ ಅಂತ 1994ರಲ್ಲೇ ಗೊತ್ತಾಗಿದೆ. ತೂಕ ಇಳಿದಾಗ ಲೆಪ್ಟಿನ್ ಇಳಿಯುತ್ತೆ, ಹಸಿವು ಏರುತ್ತೆ, ದೇಹ ಉರಿಸುವ ಶಕ್ತಿಯೂ ಕಡಿಮೆ ಆಗುತ್ತೆ. ಮೈ ತನ್ನ ಹಳೆ ತೂಕಕ್ಕೆ ಮರಳಲು ಹಟ ಹಿಡಿಯುತ್ತೆ. ಇದರಲ್ಲಿ ಸೋಮಾರಿತನ ಎಲ್ಲಿಂದ ಬಂತು?

ಬೆಳಗಿನ_ಕಾಫಿ
ಆದರೆ ಆ ಇಂಜೆಕ್ಷನ್ ನಿಲ್ಲಿಸಿದರೆ ತೂಕ ವಾಪಸ್ ಬರುತ್ತಂತಲ್ಲ? ಜೀವನಪೂರ್ತಿ ಚುಚ್ಚಿಕೊಳ್ಳಬೇಕಾ?

ಲೆಕ್ಕದ_ಮೇಷ್ಟ್ರು
ಬರುತ್ತೆ. ಸೆಮಾಗ್ಲುಟೈಡ್ ಪರೀಕ್ಷೆ ಮುಗಿಸಿ ನಿಲ್ಲಿಸಿದವರನ್ನು ಒಂದು ವರ್ಷ ನೋಡಿದರು. ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಬಿಪಿ, ಸಕ್ಕರೆಯ ಸುಧಾರಣೆಯೂ ಬಹುಪಾಲು ಹಿಂದಕ್ಕೆ ಹೋಯಿತು.

ಕಸರತ್ತು_ಕಾಕಾ
ಅದೇ ನಾನು ಹೇಳೋದು. ಅಭ್ಯಾಸ ಬದಲಾಗದೆ ಏನು ಮಾಡಿ ಏನು ಬಂತು?

ಇಳಿಮುಖ
ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತೆ. ಅದಕ್ಕೆ "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ಯಾರಾದರೂ ಹೇಳ್ತಾರಾ? ಅಂದಹಾಗೆ ಹೃದಯದ ಕಾಯಿಲೆ ಇದ್ದ, ಆದರೆ ಸಕ್ಕರೆ ಕಾಯಿಲೆ ಇಲ್ಲದ 17,000ಕ್ಕೂ ಹೆಚ್ಚು ಜನರ ಮೇಲೆ ಸೆಮಾಗ್ಲುಟೈಡ್ ನೋಡಿದ್ದಾರೆ. 2023ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿಸಿ ನೂರಕ್ಕೆ 20ರಷ್ಟು ಕಡಿಮೆ. ಹಳೇ_ಕಡತ ಅವರ ಪಟ್ಟಿಯಲ್ಲಿ ಹೃದಯ ಕೆಡಿಸಿದ ಮಾತ್ರೆಗಳೇ ತುಂಬಿವೆ. ಇದು ಉಲ್ಟಾ.

ಹಳೇ_ಕಡತ
ಆ ಅಧ್ಯಯನ ಗಟ್ಟಿಯಾದದ್ದೇ, ತಕರಾರಿಲ್ಲ. ಆದರೆ ಇಳಿಯುವ ತೂಕ ಎಲ್ಲಾ ಕೊಬ್ಬಲ್ಲ, ಅದರಲ್ಲಿ ಸ್ನಾಯುವೂ ಇರುತ್ತೆ. ವಯಸ್ಸಾದವರಿಗೆ ಅದು ಸಣ್ಣ ವಿಷಯ ಅಲ್ಲ. ಪ್ರೋಟೀನ್ ಮತ್ತು ಭಾರ ಎತ್ತುವ ವ್ಯಾಯಾಮ ಜೊತೆಗಿರಬೇಕು. ಕಾಕಾ, ನಿಮ್ಮ ಮಾತು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಕಸರತ್ತು_ಕಾಕಾ
ಅಂತೂ ಒಂದು ಕಡೆ ಆದರೂ!

ಇಳಿಮುಖ
ಅಡ್ಡಪರಿಣಾಮ ಇಲ್ಲ ಅಂತ ನಾನು ಹೇಳಲ್ಲ. ಡೋಸ್ ಏರಿಸಿದಾಗಲೆಲ್ಲ ವಾಕರಿಕೆ, ಮಲಬದ್ಧತೆ. ಪಿತ್ತಕೋಶದಲ್ಲಿ ಕಲ್ಲು ಆಗಬಹುದು, ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳಬಹುದು. ಹೊಟ್ಟೆ ನೋವು ಬೆನ್ನಿಗೆ ಹರಡಿ ಬಿಡದೆ ಕಾಡಿದರೆ ಕೂರಬಾರದು ಅಂತ ನನಗೆ ಮೊದಲೇ ಹೇಳಿದ್ದರು. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಕೊಡುವುದಿಲ್ಲ. ಬಸುರಿ ಆಗಬೇಕು ಅಂದುಕೊಂಡವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ಬಿಡಬೇಕು.

ಚುಚ್ಚಬೇಡಿ_ಪ್ಲೀಸ್
ಸೂಜಿ ಅಂದರೆ ನನಗೆ ಪ್ರಾಣ ಹೋಗುತ್ತೆ. ಮಾತ್ರೆ ರೂಪದಲ್ಲಿ ಇಲ್ವಾ?

ಮಾತ್ರೆ_ಎಣಿಸುವವ
ಸೆಮಾಗ್ಲುಟೈಡ್ ಮಾತ್ರೆ ಸಕ್ಕರೆ ಕಾಯಿಲೆಗೆ 2019ರಲ್ಲೇ ಬಂದಿದೆ. ಹೊಟ್ಟೆಯ ಆಮ್ಲದಲ್ಲಿ ಕರಗಿ ಹಾಳಾಗುವ ವಸ್ತು ಅದು, ಹಾಗಾಗಿ ಹೀರಿಕೊಳ್ಳಲು ಸಹಾಯ ಮಾಡುವ ಇನ್ನೊಂದು ರಾಸಾಯನಿಕ ಸೇರಿಸಿದ್ದಾರೆ. ಆದರೂ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ರಕ್ತಕ್ಕೆ ಸೇರಿದರೆ ಹೆಚ್ಚು. ಬೆಳಗ್ಗೆ ಖಾಲಿ ಹೊಟ್ಟೆ, 120 ಮಿಲಿ ಮೀರದ ನೀರು, ಆಮೇಲೆ ಅರ್ಧ ಗಂಟೆ ಬಾಯಿಗೆ ಏನೂ ಹಾಕುವಂತಿಲ್ಲ. ಕಾಫಿ ಜೊತೆ ನುಂಗಿ "ಏನೂ ಆಗಲಿಲ್ಲ" ಅಂತ ಜಗಳಕ್ಕೆ ಬರುವವರು ನನಗೆ ಹೊಸಬರಲ್ಲ.

ಬೆಳಗಿನ_ಕಾಫಿ
ನನ್ನ ಹೆಸರು ನೋಡಿಯೇ ಹೇಳಿದ್ದು ಅಂತ ಗೊತ್ತಾಯ್ತು.

ಹಳೇ_ಕಡತ
ಈ ಇಂಜೆಕ್ಷನ್‌ಗಳ ಮೂಲದಲ್ಲಿ ಒಂದು ಹಲ್ಲಿ ಇದೆ ಗೊತ್ತಾ? ಗಿಲಾ ಮಾನ್‌ಸ್ಟರ್ ಅಂತ, ಅಮೆರಿಕದ ಮರುಭೂಮಿಯ ವಿಷದ ಹಲ್ಲಿ. ಅದರ ವಿಷದಲ್ಲಿ ಸಿಕ್ಕ ಒಂದು ವಸ್ತು ನಮ್ಮ ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ಕೆಲಸ ಮಾಡುತ್ತಿತ್ತು. ಊಟ ಸಾಕು ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ಹಾರ್ಮೋನ್ ಅದು, ಈ ಇಂಜೆಕ್ಷನ್‌ಗಳು ಮಾಡುವುದೂ ಅದೇ ಕೆಲಸ. ಅದರಿಂದ ಎಕ್ಸೆನಟೈಡ್ ಬಂತು, 2005ರಲ್ಲಿ, ಸಕ್ಕರೆ ಕಾಯಿಲೆಗೆ.

ತರ್ಲೆ_ತಮ್ಮ
ಮನೆ ಗೋಡೆ ಮೇಲಿರುವ ಹಲ್ಲಿಗೆ ಇವತ್ತಿಂದ ಮರ್ಯಾದೆ ಕೊಡ್ತೀನಿ.

ಗುಂಡು_ಗುಂಡಿ
ಥೈರಾಯ್ಡ್ ಮಾತ್ರೆ ತಗೊಂಡರೆ ತೂಕ ಇಳಿಯುತ್ತೆ ಅಂತ ಜಿಮ್ಮಿನಲ್ಲಿ ಹೇಳಿದರು. ನನಗೆ ಥೈರಾಯ್ಡ್ ಇಲ್ಲ. ತಗೊಳ್ಳಬಹುದಾ? ಭೇದಿ ಮಾತ್ರೆ ವಾರಕ್ಕೊಮ್ಮೆ ತಗೊಂಡರೆ?

ಪಿತ್ತಜನಕಾಂಗ_ಪ್ರೇಮಿ
ಬೇಡ. ಎರಡೂ ಬೇಡ. ಥೈರಾಯ್ಡ್ ಸರಿ ಇರುವವರು ಆ ಹಾರ್ಮೋನ್ ನುಂಗಿದರೆ ಹೃದಯದ ಲಯ ತಪ್ಪುತ್ತೆ, ಮೂಳೆ ಸವೆಯುತ್ತೆ. ತೂಕಕ್ಕೆ ಬಳಸಬೇಡಿ ಅಂತ ಆ ಔಷಧಿಯ ಮಾಹಿತಿಯಲ್ಲೇ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಇದೆ. ಭೇದಿ ಮಾತ್ರೆ, ಮೂತ್ರದ ಮಾತ್ರೆಯಿಂದ ಹೋಗುವುದು ನೀರು. ತಕ್ಕಡಿ ಮುಳ್ಳು ಇಳಿಯುತ್ತೆ, ಕೊಬ್ಬು ಅಲ್ಲೇ ಇರುತ್ತೆ. ಪೊಟ್ಯಾಶಿಯಂ ಕುಸಿದರೆ ಹೃದಯ ನಿಲ್ಲಲೂಬಹುದು.

ಗುಂಡು_ಗುಂಡಿ
ಸರಿ. ಜಿಮ್ಮಿನವರಿಗೂ ಇದನ್ನೇ ತೋರಿಸ್ತೀನಿ.

ಸ್ಲಿಮ್_ಗ್ಯಾರಂಟಿ
ನಮ್ಮಲ್ಲಿ ಯಾವುದೇ ಅಡ್ಡಪರಿಣಾಮ ಇಲ್ಲದ, ಪಥ್ಯ ಬೇಡದ, ವ್ಯಾಯಾಮ ಬೇಡದ... [ಮೇಲ್ವಿಚಾರಕರು ಅಳಿಸಿದ್ದಾರೆ]

ತರ್ಲೆ_ತಮ್ಮ
ಇಷ್ಟು ಹೊತ್ತು ಎಲ್ಲಿದ್ದರು ಅಂತ ಯೋಚಿಸ್ತಿದ್ದೆ.

ಸುಮ್ನೆ_ಕೇಳ್ದೆ
ಸುದ್ದಿ ಇದೆ. ಈ ಎಳೆಯನ್ನು ಆಫೀಸಿನವರಿಗೆ ಓದಿಸಿದೆ. ಮೊದಲು ನನ್ನ ಮೇಲೆ ಸಿಟ್ಟಾದರು, "ನಾನು ತೆಳ್ಳಗಾದದ್ದು ನಿನಗೆ ಹೊಟ್ಟೆಕಿಚ್ಚು" ಅಂದರು. ಸಂಜೆ ತಾವೇ ಹೋಗಿ ಬಿಪಿ ನೋಡಿಸಿಕೊಂಡಿದ್ದಾರೆ. ಹಿಂದೆಂದೂ ಬಿಪಿ ಇರದವರಿಗೆ ಈಗ ಮೇಲಿನದು 160 ದಾಟಿದೆ. ಕ್ಯಾಪ್ಸೂಲ್ ನಿಲ್ಲಿಸಿದ್ದಾರೆ. ಡಾಕ್ಟರು ಡಬ್ಬಿ ಇಟ್ಟುಕೊಂಡಿದ್ದಾರೆ, ಔಷಧಿ ನಿಯಂತ್ರಣದವರಿಗೆ ದೂರು ಕಳಿಸುತ್ತಾರಂತೆ.

ನಾನೂ ನನ್ನ ವಿಷಯ ಕೇಳಿದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ಮೇಲಿದ್ದರೆ, ಅಥವಾ 27 ಮೇಲಿದ್ದು ಬಿಪಿ, ಸಕ್ಕರೆ ಇದ್ದರೆ ಔಷಧಿ ಯೋಚಿಸುವುದು ಸಾಮಾನ್ಯ ಪದ್ಧತಿ, ಏಷ್ಯಾದ ಮೂಲದವರಿಗೆ ಈ ಗಡಿಯನ್ನು ಇನ್ನೂ ಕೆಳಗೆ ಹಿಡಿಯುವುದುಂಟು ಅಂದರು. ನನಗೆ ಬಿಪಿ ಇರುವುದರಿಂದ ಫೆಂಟರ್ಮಿನ್ ಜಾತಿಯದು ಬೇಡ, ನಾಲ್ಟ್ರೆಕ್ಸೋನ್-ಬುಪ್ರೊಪಿಯಾನ್ ಅನ್ನುವ ಜೋಡಿ ಮಾತ್ರೆ ಕೂಡ ಬಿಪಿ ಹಿಡಿತದಲ್ಲಿಲ್ಲದಿದ್ದರೆ ಬೇಡ. ಉಳಿದದ್ದರಲ್ಲಿ ಯಾವುದು ಅಂತ ಲಿವರ್, ಥೈರಾಯ್ಡ್, ಸಕ್ಕರೆಯ ರಿಪೋರ್ಟ್ ನೋಡಿ ಮಾತಾಡೋಣ ಅಂದಿದ್ದಾರೆ. ಈಗಿನ ತೂಕದ ನೂರಕ್ಕೆ 5 ಇಳಿದರೂ ಬಿಪಿಗೆ ಅನುಕೂಲ ಅಂತ ಹೇಳಿದಾಗ ಸ್ವಲ್ಪ ಉಸಿರು ಬಂತು. ನಾನು ತಲೆಯಲ್ಲಿ ನೂರಕ್ಕೆ ಮೂವತ್ತು ಇಟ್ಟುಕೊಂಡು ಕೂತಿದ್ದೆ.

ಬಿಳಿ_ಪ್ಯಾಂಟು
ಆರ್ಲಿಸ್ಟಾಟ್ ಬರೆದುಕೊಟ್ಟರೆ ಕಪ್ಪು ಪ್ಯಾಂಟು ತೆಗೆದುಕೊಳ್ಳಿ. ಸೇವೆಗೆ ಸದಾ ಸಿದ್ಧ.

ಹಸಿರೇ_ಉಸಿರು
ನಾರಿನ ಮಾತ್ರೆ ಆದರೂ ಬಿಡ್ತೀರಾ ಇಲ್ವಾ? ಗ್ಲೂಕೋಮನ್ನಾನ್ ಬರೀ ಗೆಡ್ಡೆಯ ನಾರು.

ಮಾತ್ರೆ_ಎಣಿಸುವವ
ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಲ್ಲೇ ಊದಿ ಅನ್ನನಾಳಕ್ಕೆ ಅಡ್ಡ ಕೂರುತ್ತೆ. ಆಸ್ಟ್ರೇಲಿಯಾ 1980ರ ದಶಕದಲ್ಲೇ ಆ ಮಾತ್ರೆ ನಿಲ್ಲಿಸಿತು. ತೂಕದ ಮೇಲೆ ಅದರ ಪರಿಣಾಮ ಅಷ್ಟಕ್ಕಷ್ಟೆ. ನಾರು ಬೇಕಾದರೆ ತಟ್ಟೆಯಿಂದ ತಿನ್ನಿ, ಯಾರೂ ಬೇಡ ಅನ್ನಲ್ಲ.

ಹಸಿರೇ_ಉಸಿರು
ಇವರಿಗೆ ಏನು ಹೇಳಿದರೂ ಒಂದು ಉತ್ತರ ರೆಡಿ ಇರುತ್ತೆ.

ಚುಚ್ಚಬೇಡಿ_ಪ್ಲೀಸ್
ಸ್ವಲ್ಪ ವಿಷಯ ಬೇರೆ. ನಮ್ಮ ಮಾವ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ತಾರೆ. ಮುಂದಿನ ವಾರ ಹರ್ನಿಯಾ ಆಪರೇಷನ್ ಇದೆ. ಆಸ್ಪತ್ರೆಯವರು "ಯಾವ ಮಾತ್ರೆ ತಗೊಳ್ತೀರಿ" ಅಂತ ಕೇಳಿದಾಗ ಇದನ್ನು ಹೇಳಿಲ್ಲವಂತೆ. "ಮಾತ್ರೆ ಕೇಳಿದರು, ಇಂಜೆಕ್ಷನ್ ಕೇಳಲಿಲ್ಲ" ಅಂತಾರೆ. ಹೇಳಬೇಕಾ?

ಮಾತ್ರೆ_ಎಣಿಸುವವ
ಇವತ್ತೇ ಫೋನ್ ಮಾಡಿ ಹೇಳಿ, ನಾಳೆಗೆ ಇಡಬೇಡಿ. ಹೊಟ್ಟೆ ಖಾಲಿಯಾಗುವುದನ್ನು ಅದು ನಿಧಾನ ಮಾಡುತ್ತೆ. ರಾತ್ರಿಯಿಂದ ಉಪವಾಸ ಇದ್ದರೂ ಒಳಗೆ ಊಟ ಉಳಿದಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಕೊನೆಯ ಡೋಸ್ ಯಾವಾಗ ತಗೊಂಡರು ಅಂತಾನೂ ತಿಳಿಸಿ. ಮುಂದಿನ ಡೋಸ್ ಬಿಡಬೇಕಾ, ಬರೀ ದ್ರವಾಹಾರದಲ್ಲಿ ಇರಬೇಕಾ ಅನ್ನುವುದನ್ನು ಅರಿವಳಿಕೆ ಡಾಕ್ಟರೇ ಹೇಳುತ್ತಾರೆ.

ಚುಚ್ಚಬೇಡಿ_ಪ್ಲೀಸ್
ಫೋನ್ ಮಾಡಿಸಿದೆ. ಬೈದರಂತೆ.

ಮಾತ್ರೆ_ಎಣಿಸುವವ
ಬೈಯಲಿ ಬಿಡಿ. ಅವರ ಫೈಲಿನಲ್ಲಿ ಬರೆದುಕೊಂಡರಾ?

ಚುಚ್ಚಬೇಡಿ_ಪ್ಲೀಸ್
ಬರೆದುಕೊಂಡರು. ಆಪರೇಷನ್ ದಿನ ಹೊಟ್ಟೆಯ ಸ್ಕ್ಯಾನ್ ಮಾಡಿ ನೋಡಿಯೇ ಒಳಗೆ ಕರೆದುಕೊಳ್ಳುತ್ತಾರಂತೆ.